ಶನಿವಾರದ ತವರು

ಹೋದ ತಿಂಗಳು ಯಾವುದೋ ಹೊಸ ಸಂಸ್ಥೆಯವರು ನಮ್ಮ ಚೋರನೂರಿಗೆ ಬಂದಿದ್ದರು. ಹೊರದೇಶದಿಂದ ಸ್ವಯಂಸೇವಕರು ಬರುತ್ತಾರೆ, ಒಬ್ಬರನ್ನು ನಿಮ್ಮ ಮನೆಯಲ್ಲಿ ಇಟ್ಟುಕೊಳ್ಳಿ, ಆದರೆ ಅವರವರೇ ಗುಂಪು ಕಟ್ಟಿಕೊಂಡು ತಿರುಗದ ಹಾಗೆ, ಊರವರ ಜೊತೆ ಬೆರೆಯುವ ಹಾಗೆ ನೀವೇ ನೋಡಿಕೊಳ್ಳಬೇಕು ಅಂದರು. "ಬೆರೆಸಾಕ ಅವರೇನು ಹಿಟ್ಟು ನೀರೇನ್ರಿ?" ಅಂದುಬಿಟ್ಟೆ. ಪಾಪ, ಬಂದಿದ್ದ ಹುಡುಗ ಕೈಯಲ್ಲಿದ್ದ ಚಹಾ ಕುಡಿಯುವುದೋ ಬಿಡುವುದೋ ತಿಳಿಯದೆ ಕೂತ. ನನ್ನ ಬಾಯಿಯೇ ಹಾಗೆ. ಅವನು ಎದ್ದು ಹೋದ ಮೇಲೆ ನಮ್ಮತ್ತೆ ಪಂಪಮ್ಮ ನೆನಪಾಗಿ ಅವತ್ತಿಡೀ ಕೆಲಸ ಸಾಗಲಿಲ್ಲ. ಅವರು ತೀರಿಕೊಂಡು ಎರಡು ವರ್ಷವಾಗುತ್ತ ಬಂತು. ಈ ಮಾತಿಗೆ ಉತ್ತರ ಕೊಡಬೇಕಾದವರು ಅವರು, ನಾನಲ್ಲ.

ಅತ್ತೆಯ ತವರು ಕಂಪ್ಲಿ. ಹೊಳೆ, ಕಾಲುವೆ, ಭತ್ತ, ಕಬ್ಬು, ಬಾಳೆ ಇರುವ ಊರಿನಿಂದ ಮಳೆಯನ್ನೇ ನಂಬಿದ ನಮ್ಮ ಜೋಳದ ಸೀಮೆಗೆ ಸೊಸೆಯಾಗಿ ಬಂದವರು. ಮೂರು ಹೊತ್ತು ಅನ್ನ ಉಂಡು ಬೆಳೆದವರಿಗೆ ಇಲ್ಲಿ ಹಬ್ಬಕ್ಕೊಮ್ಮೆ ಅನ್ನ. ಮಾತಿನಲ್ಲಿ ಅರ್ಧ ತೆಲುಗು ಬೆರೆತಿರುತ್ತಿದ್ದುದರಿಂದ ಬಾಯಿ ತೆರೆದರೆ ಓಣಿಯ ಹೆಂಗಸರು ಕಿಸಕ್ಕನೆ ನಗುತ್ತಿದ್ದರಂತೆ. ಹಾಗಾಗಿ ಅವರು ಬಾಯಿ ತೆರೆಯುವುದನ್ನೇ ಬಿಟ್ಟರು. ನಾನು ಮರಿಯಮ್ಮನಹಳ್ಳಿಯಿಂದ ಈ ಮನೆಗೆ ಬರುವ ಹೊತ್ತಿಗೆ ಅವರ ಮಾತೆಲ್ಲ ಚೋರನೂರಿನ ಮಾತಾಗಿತ್ತು. ಸಿಟ್ಟು ಬಂದಾಗ ಮಾತ್ರ ತೆಲುಗು ಹೊರಗೆ ಬರುತ್ತಿತ್ತು. ಮತ್ತೆ ನಾನಿದ್ದ ಮನೆಯಲ್ಲಿ ಸಿಟ್ಟು ಬರದೆ ಇರುತ್ತದೆಯೇ?

ಕಂಪ್ಲಿಯ ಹೆಸರನ್ನು ಮಾತ್ರ ಮನೆಯಲ್ಲಿ ಎತ್ತುವಂತಿರಲಿಲ್ಲ. ಯಾಕೆಂದು ನನಗೆ ಹೇಳಿದವಳು ಪಕ್ಕದ ಮನೆಯ ಚೆನ್ನಬಸಮ್ಮ. ಅತ್ತೆಯ ಮೊದಲ ಬಸಿರಿನಲ್ಲಿ ಕುಬಸ, ಅಂದರೆ ಸೀಮಂತ, ಮಾಡುವುದಕ್ಕೆ ಅವರಪ್ಪ, ಅವ್ವ, ತಮ್ಮ ಉಚ್ಚೆಂಗಪ್ಪ ಸೀರೆ, ಬಳೆ, ಬುಟ್ಟಿ ತುಂಬ ತಿಂಡಿ ಹೊತ್ತು ಕಂಪ್ಲಿಯಿಂದ ಬಂದಿದ್ದರಂತೆ. ಎಲ್ಲರೂ ಊಟಕ್ಕೆ ಕೂತಿದ್ದಾಗ ಅತ್ತೆಯ ಮಾವ ಚನ್ನಯ್ಯ, ಅಂದರೆ ನನ್ನ ಗಂಡನ ಅಜ್ಜ, ಆ ಸೀರೆಯನ್ನು ಬೆರಳಲ್ಲಿ ಹಿಡಿದು, "ಇದು ಸೊಸಿಗೆ ತಂದದ್ದೋ, ಕಸ ಗುಡಿಸೋ ಆಳಿಗೆ ತಂದದ್ದೋ?" ಅಂದರಂತೆ. ಅತ್ತೆಯ ಅಪ್ಪ ಎಲೆ ಬಿಟ್ಟು ಎದ್ದರು. ಹೆಂಡತಿ ಮಗನನ್ನು ಎಬ್ಬಿಸಿಕೊಂಡು ಕೈ ತೊಳೆಯದೆ ಹೊರಟೇಬಿಟ್ಟರು.

ಮೊದಲ ಹೆರಿಗೆ ತವರಿನಲ್ಲಾಗಬೇಕು. ಅದಕ್ಕೆ ತವರಿನವರೇ ಬಂದು ಕರೆದುಕೊಂಡು ಹೋಗಬೇಕು. ಅಪ್ಪನ ಸಿಟ್ಟು ಇಳಿದೀತು, ಬಂದೇ ಬರುತ್ತಾರೆ ಅಂತ ಅತ್ತೆ ದಿನಾ ಮನೆ ಮುಂದಿನ ಕಟ್ಟೆಯ ಮೇಲೆ ಕೂತು ದಾರಿ ನೋಡಿದರು. ಯಾರೂ ಬರಲಿಲ್ಲ. ನನ್ನ ಗಂಡ ಮರಿಸ್ವಾಮಿ ಹುಟ್ಟಿದ್ದು ಇದೇ ಮನೆಯ ನಡುಮನೆಯಲ್ಲಿ. ಆಮೇಲೆ ಅತ್ತೆಗೆ ಹಟ ಹಿಡಿಯಿತು. "ಹೆರಿಗಿಗೆ ಕರಿಯಾಕ ಬರಲಾರದವರ ಮನಿಗೆ ನಾನ್ಯಾಕ ಹೋಗ್ಲಿ?" ಕಂಪ್ಲಿಯವರೂ ಈ ಕಡೆ ತಲೆ ಹಾಕಲಿಲ್ಲ. ಅಪ್ಪ ಸತ್ತದ್ದು, ಅವ್ವ ಸತ್ತದ್ದು ಎರಡೂ ಮಣ್ಣಾದ ಮೇಲೆ ಯಾರದೋ ಬಾಯಿಂದ ತಿಳಿಯಿತು. ಎರಡು ಸಲವೂ ಅತ್ತೆ ತಲೆಯ ಮೇಲೆ ನೀರು ಹಾಕಿಕೊಂಡು ಬಂದು ರೊಟ್ಟಿ ಬಡಿಯಲು ಕೂತರಂತೆ.

ಇದನ್ನು ಕೇಳಿದ ಮೇಲೆಯೇ ನನಗೆ ಒಂದು ವಿಷಯ ಅರ್ಥವಾದದ್ದು. ನಾನು ಬಾಯಿ ಬಿಟ್ಟು ಕೇಳುವ ಮೊದಲೇ ಅತ್ತೆ, "ಮರಿಯಮ್ಮನಹಳ್ಳಿಗೆ ಹೋಗಿ ಬಾರವ್ವ" ಅಂತ ನನ್ನನ್ನು ಕಳಿಸಿಬಿಡುತ್ತಿದ್ದರು. ಈ ಮುದುಕಿಗೆ ನನ್ನ ಕಾಟ ತಪ್ಪಿದರೆ ಸಾಕಾಗಿದೆ ಅಂತ ನಾನು ಒಳಗೊಳಗೇ ಉರಿಯುತ್ತಿದ್ದೆ. ಆದರೆ ತವರಿನಲ್ಲಿ ಸರಿಯಾಗಿ ನನಗೆ ಬೇಸರ ಬರುವ ಹೊತ್ತಿಗೆ ನನ್ನ ಗಂಡನನ್ನು ಅಟ್ಟುತ್ತಿದ್ದರು. "ಬಿತ್ತನಿ ಇದ್ರ ಇರ್ಲಿ, ಮೊದ್ಲು ಹೋಗಿ ಆಕಿನ್ನ ಕರ್ಕೊಂಡು ಬಾ. ತಾನಾಗಿ ಬರೋವಂಗ ಮಾಡಬ್ಯಾಡ" ಅನ್ನುತ್ತಿದ್ದರಂತೆ.

ಅಂಥ ಮನೆಗೆ ಕ್ಲಾರಾ ಬಂದಳು. ಸಂಡೂರಿನ ಗಣಿಗಳೆಲ್ಲ ಬಂದಾಗಿ, ಮತ್ತೆ ಒಂದೊಂದೇ ಶುರುವಾಗುತ್ತಿದ್ದ ಕಾಲ. ಹೊಸಪೇಟೆಯ ಟಿ.ಬಿ. ಡ್ಯಾಂ ಕಡೆ ಆಫೀಸು ಇಟ್ಟುಕೊಂಡಿದ್ದ ಒಂದು ಸಂಸ್ಥೆ ಜರ್ಮನಿಯಿಂದ ಹತ್ತು ಹನ್ನೆರಡು ಹುಡುಗ ಹುಡುಗಿಯರನ್ನು ಒಂದು ವರ್ಷಕ್ಕೆ ಕರೆಸಿ ಸಂಡೂರು, ಕಂಪ್ಲಿ, ಮರಿಯಮ್ಮನಹಳ್ಳಿ ಅಂತ ಊರಿಗೊಬ್ಬರನ್ನು ಹಂಚಿತು. ನಮ್ಮೂರ ಶಾಲೆಯ ಮಕ್ಕಳಿಗೆ ಆಟ, ಚಿತ್ರ, ಇಂಗ್ಲಿಷ್ ಹೇಳಿಕೊಡಲು ಬಂದವಳು ಕ್ಲಾರಾ. ಹತ್ತೊಂಬತ್ತರ ಹುಡುಗಿ, ಜೋಳದ ದಂಟಿನಂತೆ ಉದ್ದ. ಸಂಸ್ಥೆಯ ಶಂಭುಲಿಂಗ ಸರ್ ಅವಳನ್ನು ನಮ್ಮ ಮನೆಯಲ್ಲಿ ಇಳಿಸಿ, "ನಿಮ್ಮ ಮಗಳಂಗ ನೋಡ್ಕೊಳ್ರಮ್ಮ" ಅಂದರು. ಅತ್ತೆ ಅವಳನ್ನು ಮೇಲಿಂದ ಕೆಳಗೆ ನೋಡಿ, "ಮಗಳಂಗ ಅಲ್ಲ, ಸೊಸಿ ಬಂದಂಗ ಆತು. ಮಗಳಾದ್ರ ಮಾತು ತಿಳೀತಿತ್ತು" ಅಂದರು.

ಊರಿಗೆ ಊರೇ ಅವಳನ್ನು ನೋಡಲು ಬಂತು. ಬೆಳಿಗ್ಗೆ ಹಲ್ಲುಜ್ಜುವಾಗ ಐದು ಜನ, ಕೂದಲು ಬಾಚುವಾಗ ಹತ್ತು ಜನ. ಊಟ ಆತೇನು, ಮದುವಿ ಯಾವಾಗ, ಅಪ್ಪ ಅವ್ವ ಹೆಂಗ ಬಿಟ್ರು ಅಂತ ಕೇಳಿದ್ದನ್ನೇ ಕೇಳುವರು. ನಾನು ಸೊಸೆಯಾಗಿ ಬಂದಾಗ ಒಬ್ಬರೂ ಹೀಗೆ ಇಣುಕಿ ನೋಡಿರಲಿಲ್ಲ ಅಂತ ನನಗೆ ಹೊಟ್ಟೆಕಿಚ್ಚು. ಅವಳು ಮಾತ್ರ ಎಲ್ಲದಕ್ಕೂ ಥ್ಯಾಂಕ್ಸ್. ನೀರು ಕೊಟ್ಟರೆ ಥ್ಯಾಂಕ್ಸ್, ಚಾಪೆ ಹಾಸಿದರೆ ಥ್ಯಾಂಕ್ಸ್. "ಮನ್ಯಾಗಿನವರಿಗೆ ಯಾರರ ಉಪಕಾರ ಹೇಳ್ತಾರೇನವ್ವ?" ಅಂತ ಅತ್ತೆ ಗದರಿದರೆ ಅದಕ್ಕೂ ಥ್ಯಾಂಕ್ಸ್.

ಶನಿವಾರ ಬಂದರೆ ಸಾಕು, ಅವಳು ಬ್ಯಾಗು ಹೆಗಲಿಗೇರಿಸಿ ಬೆಳಗಿನ ಬಸ್ಸಿಗೆ ನಿಂತುಬಿಡುತ್ತಿದ್ದಳು. ಸುತ್ತಲ ಊರುಗಳಲ್ಲಿದ್ದ ಅವಳ ಜೊತೆಯವರೂ ಹಾಗೆಯೇ. ಎಲ್ಲರೂ ಹಂಪಿಯಲ್ಲಿ, ಹೊಳೆಯ ಕಡೆಯ ಓಣಿಯ ಒಂದು ಗೆಸ್ಟ್ ಹೌಸಿನ ಮಾಳಿಗೆಯ ಮೇಲೆ ಸೇರಿ, ಭಾನುವಾರ ಸಂಜೆ ಚದುರಿ ವಾಪಸು ಬರುವರು. ನನಗದು ಸರಿ ಕಾಣಲಿಲ್ಲ. ನಲ್ಲಿಯ ಹತ್ತಿರ ನಿಂತು, "ಈಕಿ ಬಂದದ್ದು ನಮ್ಮೂರಿಗೋ, ಹಂಪಿಗೋ?" ಅಂದೆ. ಊರವರಿಗೂ ಅದೇ ಮಾತು ರುಚಿಸಿತು. ಶಾಲೆಯ ಹೆಡ್ ಮಾಸ್ತರರಿಂದ ಅದು ಟಿ.ಬಿ. ಡ್ಯಾಂ ಆಫೀಸಿನವರೆಗೂ ಮುಟ್ಟಿತು.

ಶಂಭುಲಿಂಗ ಸರ್ ಖುದ್ದಾಗಿ ಬಂದರು. ಒಳ್ಳೆಯ ಮನುಷ್ಯ, ಆದರೆ ಮಾತೆಲ್ಲ ಮೀಟಿಂಗಿನ ಮಾತು. ಇನ್ನು ಮೇಲೆ ಹುಡುಗರು ವಾರ ವಾರ ಒಂದು ಕಡೆ ಸೇರಬಾರದು, ಇದ್ದ ಊರಲ್ಲೇ ಇರಬೇಕು, ಆಗಲೇ ಜನರ ಜೊತೆ ಬೆರೆಯುವುದು, ಇದು ಸಂಸ್ಥೆಯ ನಿಯಮ ಅಂದರು. ಅತ್ತೆ ಶೇಂಗಾ ಸುಲಿಯುವುದನ್ನು ನಿಲ್ಲಿಸಿದರು.

"ಮೊದಲ ವರ್ಷದ ಸೊಸಿನ್ನ ತವರಿಗೆ ಕಳಿಸಲಾರದವರು ಯಾವ ಸೀಮಿ ಮಂದಿ ಸರ್?"

"ಅದು ತವರಲ್ಲಮ್ಮ, ಗೆಸ್ಟ್ ಹೌಸು."

"ಆಕಿ ಮಾತು ತಿಳಿಯೋ ಮಂದಿ ಇರೋ ಜಾಗ ಆಕಿಗೆ ತವರಲ್ಲೇನ್ರಿ? ಹೋಗ್ಲಿ ಬಿಡ್ರಿ. ಹೋಗಿ ಬಂದ್ರ ಇಲ್ಲಿ ನಿಲ್ತಾಳ."

"ಹಂಗ ಬಿಟ್ರ ಅವರವರೇ ಇರ್ತಾರಮ್ಮ. ಕನ್ನಡ ಕಲಿಯಾಂಗಿಲ್ಲ, ನಿಮ್ಮ ಜೊತಿ ಹೊಂದ್ಕೊಳ್ಳಾಂಗಿಲ್ಲ."

"ನಾನೂ ಹೊಂದ್ಕೊಂಡೀನಿ ಈ ಊರಿಗೆ" ಅಂದರು ಅತ್ತೆ. "ಹೆಂಗ ಹೊಂದ್ಕೊಂಡೆ ಅಂತ ನನಗೊಬ್ಬಾಕಿಗೆ ಗೊತ್ತು."

ಸರ್‌ಗೆ ಆ ಮಾತು ತಿಳಿಯಲಿಲ್ಲ. ನಿಯಮ ನಿಯಮವೇ ಅಂತ ಹೇಳಿ ಹೋದರು. ನಾನು ಅವತ್ತು ಸರ್ ಕಡೆಗೇ ಇದ್ದೆ.

ಕ್ಲಾರಾ ಶನಿವಾರಗಳಲ್ಲಿ ಮನೆಯಲ್ಲೇ ಉಳಿದಳು. ನನ್ನ ಹಳೆಯ ಸೀರೆ ಉಟ್ಟಳು. ಹೆಂಗಸರ ನಡುವೆ ಕೂತು ಕಡಲೆ ಹಸನು ಮಾಡಿದಳು. ಸಂಸ್ಥೆಯವರು ಬಂದು ಫೋಟೋ ತೆಗೆದುಕೊಂಡು ಹೋದರು. "ಮಸ್ತ್ ಹೊಂದ್ಕೊಂಡಾಳ" ಅಂತ ಊರೆಲ್ಲ ಹೊಗಳಿತು. ಅತ್ತೆ ಮಾತ್ರ ತಟ್ಟೆ ನೋಡುತ್ತಿದ್ದರು. ಒಂದೂವರೆ ರೊಟ್ಟಿ ತಿನ್ನುತ್ತಿದ್ದ ಹುಡುಗಿ ಅರ್ಧಕ್ಕೆ ಇಳಿದಿದ್ದಳು. ಥ್ಯಾಂಕ್ಸ್ ಹೇಳುವುದನ್ನೂ ಬಿಟ್ಟಳು. ಕೇಳಿದ್ದಕ್ಕೆಲ್ಲ ಹೂಂ ಅನ್ನುವಳು, ಕೇಳದಿದ್ದರೆ ಗೋಡೆ ನೋಡುವಳು. "ಈಕಿ ಒಣಗಾಕ ಹತ್ಯಾಳ" ಅಂದರು ಅತ್ತೆ. ನಾನು, "ನಿಮಗ ಎಲ್ಲಾದ್ರಾಗೂ ಒಂದು ಅನುಮಾನ" ಅಂದೆ.

ಒಂದು ಶನಿವಾರ ಎದ್ದು ನೋಡಿದರೆ ಅವಳಿಲ್ಲ. ಭಾನುವಾರವೂ ಬರಲಿಲ್ಲ. ಸೋಮವಾರ ಸರ್ ಫೋನು ಮಾಡಿ, ಕ್ಲಾರಾ ಹಂಪಿಯಲ್ಲೇ ಇದ್ದಾಳೆ, ವರ್ಷ ಮುಗಿಸದೆ ತನ್ನ ದೇಶಕ್ಕೆ ಹೋಗುತ್ತಾಳಂತೆ, ಬರುವ ಶನಿವಾರ ಜೊತೆಯವರೆಲ್ಲ ಸೇರಿ ಕಳಿಸಿಕೊಡುತ್ತಾರೆ, ಅವಳ ಸಾಮಾನು ಕಟ್ಟಿಡಿ, ಯಾರನ್ನಾದರೂ ಕಳಿಸುತ್ತೇವೆ ಅಂದರು. ನನಗೆ ಮೈಯೆಲ್ಲ ಉರಿಯಿತು. ಇಷ್ಟು ದಿನ ಉಂಡ ಮನೆಗೆ ಒಂದು ಮಾತು ಹೇಳಿ ಹೋಗಬಾರದೇ? ಹಾಗಂತ ಅತ್ತೆಯ ಮುಂದೆ ಕುಣಿದಾಡಿದೆ.

ಅತ್ತೆ ಕುಣಿಯಲಿಲ್ಲ. "ನಾವು ಕರಿಯಾಕ ಹೋಗಿಲ್ಲಲ್ಲ ಅನುಸೂಯಾ. ಹೆಂಗ ಬಂದಾಳು?" ಅಂದರು.

"ಈಗಿಂದೀಗ ಹೋಗೂಣೇನು ಮತ್ತ?"

"ಬ್ಯಾಡ. ಆಕಿ ಮಂದಿ ಎಲ್ಲಾರೂ ಇರೋ ದಿನ ಹೋಗಬೇಕು. ಒಬ್ಬಾಕಿ ಇದ್ದಾಗ ಹೋಗಿ ಕರ್ಕೊಂಡು ಬಂದ್ರ ಅದು ಎಳ್ಕೊಂಡು ಬಂದಂಗ."

ಶನಿವಾರ ಬೆಳಿಗ್ಗೆ ಅತ್ತೆ ಪೆಟ್ಟಿಗೆಯಿಂದ ಒಳ್ಳೆಯ ಸೀರೆ ತೆಗೆದು ಉಟ್ಟರು. ಕಟಕ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು, ಎಣ್ಣೆಗಾಯಿ ಎಲ್ಲ ಬುತ್ತಿ ಕಟ್ಟಿಸಿದರು. ಉಡಿ ತುಂಬಲು ಅಕ್ಕಿ, ಕೊಬ್ಬರಿ, ಉತ್ತತ್ತಿ, ಅರಿಶಿನದ ಬೇರು, ಒಂದು ರವಿಕೆಯ ಕಣ, ಇವು ಬೇರೆ ಗಂಟು. ಬೀಗರ ಮನೆಗೆ ಹೋಗುವ ಠೀವಿಯಲ್ಲಿ ಹೊರಟರು. ಪಿಯುಸಿ ಓದಿದವಳು, ಇಂಗ್ಲಿಷ್ ಅಷ್ಟಿಷ್ಟು ಬರುತ್ತದೆ ಅಂತ ನನ್ನನ್ನೂ ಹೊರಡಿಸಿದರು. ಸಂಡೂರಿಗೊಂದು ಬಸ್ಸು, ಅಲ್ಲಿಂದ ಹೊಸಪೇಟೆಗೊಂದು, ಹೊಸಪೇಟೆಯಿಂದ ಹಂಪಿಗೊಂದು. ಅದಿರಿನ ಕೆಂಪು ಧೂಳು ಸೀರೆಯ ಮೇಲೆ ಕೂರದ ಹಾಗೆ ಅತ್ತೆ ದಾರಿಯುದ್ದಕ್ಕೂ ಸೆರಗು ಕೊಡವುತ್ತಲೇ ಇದ್ದರು. ಮಾತಾಡಿದ್ದು ಒಂದೇ ಸಲ. "ಬರಾಂಗಿಲ್ಲ ಅಂದ್ಬಿಟ್ರ?" ಅಂದರು. ಅವರ ದನಿಯಲ್ಲಿ ಅಂಥ ಹೆದರಿಕೆ ನಾನು ಹಿಂದೆಂದೂ ಕೇಳಿರಲಿಲ್ಲ.

ಗೆಸ್ಟ್ ಹೌಸಿನ ಮೆಟ್ಟಿಲು ಅರ್ಧ ಹತ್ತಿದ್ದೆವು. ಮೇಲೆ ಗಲಗಲ ಮಾತು, ಯಾರೋ ಹೊಟ್ಟೆ ಹಿಡಿದುಕೊಂಡು ನಗುವ ಸದ್ದು. ನಗು ಏರುತ್ತದೆ, ಉಸಿರು ಕಟ್ಟುತ್ತದೆ, ಮತ್ತೆ ಏರುತ್ತದೆ. ನಾನು ಕತ್ತು ಚಾಚಿ ನೋಡಿದೆ. ಕ್ಲಾರಾ! ಚಾಪೆಯ ಮೇಲೆ ಕಾಲು ಚಾಚಿ ಕೂತು, ಕೈ ಆಡಿಸುತ್ತ, ಬ್ರೇಕಿಲ್ಲದ ಬಸ್ಸಿನ ಹಾಗೆ ಮಾತಾಡುತ್ತಿದ್ದಳು. ಈ ಹುಡುಗಿಗೆ ಇಷ್ಟು ದೊಡ್ಡ ದನಿ ಇದೆಯೆಂದೇ ನಮಗೆ ಗೊತ್ತಿರಲಿಲ್ಲ. ನಾನು ಹತ್ತಲು ಹೋದರೆ ಅತ್ತೆ ಸೆರಗು ಹಿಡಿದು ಜಗ್ಗಿದರು.

"ನಿಲ್ಲವ್ವ. ಈಗ ಹೋದ್ರ ನಗಾದು ನಿಂತು ಹೊಕ್ಕೈತಿ."

ಮೆಟ್ಟಿಲ ಮೇಲೇ ಕೂತೆವು. ಮಡಿಲಲ್ಲಿ ಬುತ್ತಿ. ಅತ್ತೆ ಗೋಡೆಗೊರಗಿ ಕಣ್ಣು ಮುಚ್ಚಿ ಆ ನಗುವನ್ನು ಕೇಳಿದರು. "ನಮ್ಮನ್ಯಾಗ ಒಂದು ದಿನರ ಹಿಂಗ ನಕ್ಕಾಳೇನು? ಇಲ್ಲ" ಅಂದರು. ಆಮೇಲೆ, "ನಾನೂ ನಗತಿದ್ದೆ ನೋಡು ಕಂಪ್ಲ್ಯಾಗ. ಹೊಳಿ ಆಚಿ ದಂಡಿಗೆ ಕೇಳೋ ಹಂಗ" ಅಂದರು. ಕಂಪ್ಲಿಯ ಹೆಸರು ಅವರ ಬಾಯಲ್ಲಿ ಬಂದದ್ದು ನಾನು ಕೇಳಿದ್ದು ಅದೇ ಮೊದಲು.

ನಗು ತಾನಾಗಿ ನಿಂತ ಮೇಲೆ ಮೇಲೆ ಹೋದೆವು. ಕ್ಲಾರಾ ನಮ್ಮನ್ನು ನೋಡಿ ಬಿಳಿಚಿಕೊಂಡಳು. ಉಳಿದವರೆಲ್ಲ ಗಡಬಡಿಸಿ ಎದ್ದು ನಿಂತರು. ಅತ್ತೆ ಸುತ್ತ ನೋಡಿ, "ಇವರಾಗ ಹಿರೇರು ಯಾರು ಕೇಳು" ಅಂದರು. ಯೋನಾಸ್ ಎಂಬ ಕುರುಚಲು ಗಡ್ಡದ ಹುಡುಗ ಕೈಯೆತ್ತಿದ. ಅತ್ತೆ ಅವನಿಗೆ ಕೈ ಮುಗಿದು, "ನಿಮ್ಮ ಹುಡುಗಿನ್ನ ಕರಿಯಾಕ ಬಂದೀವ್ರಿ" ಅಂದರು. ನಾನು ಹೇಗೋ ಇಂಗ್ಲಿಷಿನಲ್ಲಿ ಒಪ್ಪಿಸಿದೆ. ಅವನು ಕ್ಲಾರಾಳನ್ನು ನೋಡಿದ. ಕ್ಲಾರಾ ನೆಲ ನೋಡಿದಳು. ಆಮೇಲೆ ಅವನು ನೆಟ್ಟಗೆ ನಿಂತು, "ಕುಂದ್ರಿ ಅಮ್ಮಾ. ಬಾಗುನ್ನಾರಾ? ಮೊದಲು ಊಟ" ಅಂದ.

ಚೆನ್ನಾಗಿದ್ದೀರಾ ಅಂತ ಅವನು ತೆಲುಗಿನಲ್ಲಿ ಕೇಳಿದ್ದಕ್ಕೆ ಅತ್ತೆಯ ಬಾಯಿ ಹಾಗೇ ತೆರೆದುಕೊಂಡಿತು. "ಏ ಊರು ನಾಯನಾ?" ಅಂದರು, ತೆಲುಗಿನಲ್ಲೇ.

"ಕಂಪ್ಲಿ!" ಅಂದ ಅವನು, ಹುಟ್ಟಿದ್ದೇ ಅಲ್ಲಿ ಅನ್ನುವಂತೆ.

ಬೀಗರ ಊಟ ನಡೆಯಿತು. ಹುಡುಗರು ಟೊಮೆಟೊ ಹಾಕಿ ಬೇಯಿಸಿದ್ದ ಉದ್ದ ಶಾವಿಗೆ. "ತತ್ತಿ ಹಾಕೀರೇನು?" ಅಂತ ಕೇಳಿಸಿ, ಇಲ್ಲ ಅಂದ ಮೇಲೆ ಅತ್ತೆ ತಟ್ಟೆ ಹಿಡಿದರು. ಅದು ಎಷ್ಟು ಎತ್ತಿದರೂ ಮುಗಿಯದು. ಕೊನೆಗೆ ರೊಟ್ಟಿಯಲ್ಲಿ ಸುತ್ತಿ ತಿಂದರು. ನಮ್ಮ ಬುತ್ತಿಯಂತೂ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಖಾಲಿ. ಉಣ್ಣುತ್ತ ಅತ್ತೆ ಯೋನಾಸನನ್ನು ತಲೆಯೆತ್ತದೆ ಕೇಳಿದರು: "ಕ್ವಾಟಿ ಕಡೆ ಬೆಲ್ಲದ ಗಾಣದ ಉಚ್ಚೆಂಗಪ್ಪ ಅಂತ ಇದ್ದ. ಅದಾನೇನು?" ಅವನಿಗೆ ಗೊತ್ತಿತ್ತು. ತನ್ನ ಮನೆಯ ಹತ್ತಿರವೇ, ಬಿಸಿ ಬೆಲ್ಲ ಕೊಡುತ್ತಾರೆ, ಮೊಣಕಾಲು ನೋವು ಅಂತ ಬೈದುಕೊಳ್ಳುತ್ತಾರೆ ಅಂದ. "ಅದಾನಲ್ಲ, ಸಾಕು" ಅಂದರು ಅತ್ತೆ.

ಊಟದ ಮೇಲೆ ಕ್ಲಾರಾಳೇ ಹತ್ತಿರ ಬಂದು ಕೂತಳು. "ಅಮ್ಮಾ, ಆಗಲ್ಲ" ಅಂದಳು. ಉಳಿದದ್ದನ್ನು ಇಂಗ್ಲಿಷಿನಲ್ಲಿ ನನಗೆ ಹೇಳಿದಳು. ನಿಮ್ಮ ಮನೆಯಲ್ಲಿ ಎಲ್ಲರೂ ಒಳ್ಳೆಯವರು. ಆದರೆ ಅಲ್ಲಿ ಎದ್ದ ಕೂಡಲೇ ನಾನು ಫಾರಿನ್ ಹುಡುಗಿ. ಎಲ್ಲರೂ ನೋಡುತ್ತಾರೆ, ನಾನು ನಗುಮುಖ ಮಾಡಿಕೊಂಡು ಕೂರಬೇಕು. ಯಾರಿಗೂ ಒಂದು ತಮಾಷೆಯ ಮಾತು ಹೇಳದೆ ತಿಂಗಳಾಯಿತು. ನಾನು ಹೇಗಿದ್ದೆ ಅನ್ನುವುದೇ ನನಗೆ ಮರೆಯತೊಡಗಿತ್ತು. ನಾನು ಒಂದೊಂದೇ ಮಾತನ್ನು ಕನ್ನಡಕ್ಕೆ ತಿರುಗಿಸಿದೆ. ಹೇಳುತ್ತ ಹೇಳುತ್ತ ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ.

ಅತ್ತೆ ಬಲವಂತ ಮಾಡಲಿಲ್ಲ. "ಬರಾದು ಬಿಡಾದು ನಿನ್ನ ಮನಸ್ಸು" ಅಂದರು. ಗಂಟು ಬಿಚ್ಚಿದರು. ಕ್ಲಾರಾ ತೊಟ್ಟದ್ದು ಪ್ಯಾಂಟು, ಉಡಿಗೆ ಸೆರಗೆಲ್ಲಿಂದ ಬರಬೇಕು? ಯೋನಾಸ್ ತನ್ನ ಟವೆಲ್ ಕೊಟ್ಟ. ಅದನ್ನೇ ಅವಳ ಮಡಿಲಲ್ಲಿ ಹಾಸಿ ಅಕ್ಕಿ, ಕೊಬ್ಬರಿ, ಉತ್ತತ್ತಿ ತುಂಬಿ, ಕುಂಕುಮ ಹಚ್ಚಿ, ಗಲ್ಲ ಸವರಿ ಎದ್ದರು. ಮೆಟ್ಟಿಲಿಳಿಯುವಾಗ ನಾನು, "ಸುಮ್ನೆ ಬಂದಂಗಾತು ನೋಡ್ರಿ ಅತ್ತಿ" ಅಂದೆ.

"ಸುಮ್ನೆ ಹೆಂಗಾತು? ಕರಿಯಾಕ ಬಂದಿದ್ರು ಅನ್ನಾದು ಆಕಿಗೆ ಗೊತ್ತಾತಲ್ಲ. ನನಗ ಅಷ್ಟೂ ಆಗ್ಲಿಲ್ಲ" ಅಂದರು ಅತ್ತೆ.

ಹೊಸಪೇಟೆ ಬಸ್ಸು ಹೊರಡುವುದರಲ್ಲಿತ್ತು. ಕ್ಲಾರಾ ಓಡಿ ಬಂದಳು, ಬೆನ್ನಿಗೆ ಬ್ಯಾಗು, ಕೈಯಲ್ಲಿ ಆ ಟವೆಲಿನ ಗಂಟು. ಏದುಸಿರು ಬಿಡುತ್ತ, "ಅಮ್ಮಾ, ನೆಕ್ಸ್ಟ್ ಶನಿವಾರ ಹಂಪಿ?" ಅಂದಳು.

"ಕಳಿಸದಿದ್ರ ನಿನ್ನ ಮಂದಿ ನನ್ನ ಬಿಡ್ತಾರೇನು? ಹತ್ತು ಜಲ್ದಿ!"

ವಾಪಸು ಬರುವಾಗ ಅತ್ತೆಗೆ ಜೊಂಪು ಹತ್ತಿತು. ಅಮ್ಮ ಯಾಕೆ ಇಷ್ಟು ದೂರ ಬಂದರು ಅಂತ ಕ್ಲಾರಾ ನನ್ನನ್ನು ಕೇಳಿದಳು. ನನ್ನ ಬಾಯಿ ಗೊತ್ತಲ್ಲ? ಕುಬಸದ ಸೀರೆ, ಎಲೆ ಬಿಟ್ಟೆದ್ದ ಅಪ್ಪ, ಕಾದು ಕೂತ ಬಸುರಿ, ಬಾರದೇ ಹೋದ ಕರೆ, ಎಲ್ಲವನ್ನೂ ನನ್ನ ಹರುಕು ಇಂಗ್ಲಿಷಿನಲ್ಲಿ ಹೇಳಿ ಮುಗಿಸಿದೆ. ಅವಳು ಕಿಟಕಿಯ ಕಡೆ ಮುಖ ಮಾಡಿಕೊಂಡು ಕಣ್ಣೊರೆಸಿಕೊಂಡಳು.

ಆಮೇಲೆ ಸಂಸ್ಥೆಯ ನಿಯಮ ನಮ್ಮ ಮನೆಯ ಮಟ್ಟಿಗಂತೂ ನಡೆಯಲಿಲ್ಲ. ಶಂಭುಲಿಂಗ ಸರ್ ಒಂದು ಸಲ ಫೋನು ಮಾಡಿದರು. ಅತ್ತೆ ಅವರಿಗೆ ತೆಲುಗಿನಲ್ಲಿ ಏನು ಹೇಳಿದರೋ, ಮತ್ತೆ ಮಾಡಲಿಲ್ಲ. ಶನಿವಾರ ಅತ್ತೆ ತಾವೇ ಬುತ್ತಿ ಕಟ್ಟಿ ಕ್ಲಾರಾಳನ್ನು ಹತ್ತಿಸುವರು. ಭಾನುವಾರ ಸಂಜೆ ಊರ ಸ್ಟ್ಯಾಂಡಿಗೆ ಹೋಗಿ ಕರೆತರುವರು. ಆ ದಿನಗಳನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ತುಂಬುತ್ತದೆ. ಹಂಪಿಯಿಂದ ಬಂದ ಕ್ಲಾರಾ ಮಕ್ಕಳನ್ನು ಗದರಿದಳು, ಚೆನ್ನಬಸಮ್ಮನಿಗೆ ಅಡ್ಡಹೆಸರಿಟ್ಟಳು, ರೊಟ್ಟಿ ಸೀದರೆ ನನಗೇ ಬೈದಳು. ನಮ್ಮನೆಯಲ್ಲೂ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳು ನಿಜವಾಗಿ ನಮ್ಮವಳಾದದ್ದು ಆಗ.

ಹೀಗೇ ಒಂದು ಭಾನುವಾರ. ಅತ್ತೆಯೂ ನಾನೂ ಸ್ಟ್ಯಾಂಡಿನಲ್ಲಿದ್ದೆವು. ಬಸ್ಸಿನಿಂದ ಕ್ಲಾರಾ ಇಳಿದಳು. ಹಿಂದೆ ಯೋನಾಸ್ ಇಳಿದ. ಅವನ ತೋಳು ಹಿಡಿದುಕೊಂಡು ಮೊಣಕಾಲು ಸವರುತ್ತ ಒಬ್ಬ ಮುದುಕ ಇಳಿದ. ಬಿಳಿ ಧೋತರ, ತಲೆಗೆ ರುಮಾಲು. ಅತ್ತೆಯ ಕೈ ನನ್ನ ಮುಂಗೈಯನ್ನು ಗಟ್ಟಿಯಾಗಿ ಹಿಡಿಯಿತು. ಅಕ್ಕ ತಮ್ಮ ಒಬ್ಬರನ್ನೊಬ್ಬರು ನೋಡುತ್ತ ನಿಂತರು. ಬಸ್ಸು ತಿರುಗಿ ಹೊರಟುಹೋಯಿತು.

"ಮನಿಗೆ ಬಾ" ಅಂದರು ಅತ್ತೆ.

"ಮನಿಗೆ ಆಮ್ಯಾಲೆ ಬರ್ತೀನಕ್ಕಾ. ಮೊದ್ಲು ಇಲ್ಲೇ ಹೇಳ್ತೀನಿ, ಇದೇ ಜಾಗ" ಅಂದ ಉಚ್ಚೆಂಗಪ್ಪ. "ಅಪ್ಪ ಬಂದಿದ್ದ. ನಿನ್ನ ಹೆರಿಗಿಗೆ ಕರ್ಕೊಂಡು ಹೋಗಾಕ ಅಪ್ಪ, ನಾನು, ಇಬ್ಬರೂ ಬಂದಿದ್ವಿ. ನಿಮ್ಮ ಮಾವ ಇಲ್ಲೇ ಹೋಟೆಲ್ನ್ಯಾಗ ಕುಂತಿದ್ದ. 'ಎಲಿ ಬಿಟ್ಟು ಎದ್ದವರ ಮುಖ ನೋಡಾಂಗಿಲ್ಲ ಅಂತ ನಿಮ್ಮ ಮಗಳೇ ಅಂದಾಳ, ಹೊಳ್ಳಿ ಹೋಗ್ರಿ' ಅಂದ. ಅಪ್ಪ ನಂಬಲಿಲ್ಲ. ಕಡೀ ಬಸ್ ಬರೋ ತನಕ ಇಲ್ಲೇ ಕುಂತ. ನೀ ಈ ಕಡೆ ಬರಲಿಲ್ಲ. ಆವಾಗ ನಂಬಿದ."

ಸ್ಟ್ಯಾಂಡಿನಿಂದ ನಮ್ಮ ಮನೆಯ ಕಟ್ಟೆ ಕಾಣುವುದಿಲ್ಲ. ನಡುವೆ ಒಂದು ತಿರುವು, ಅಷ್ಟೇ.

"ನೀ ಕಾಯ್ಕೋತ ಕುಂತಿದ್ದಿ ಅಂತ ಈ ಹುಡುಗ ಬಂದು ಹೇಳಿದಾಗ ಗೊತ್ತಾತಕ್ಕ" ಅಂತ ಯೋನಾಸನ ಕಡೆ ಕೈ ತೋರಿಸಿ ಉಚ್ಚೆಂಗಪ್ಪ ಚಿಕ್ಕ ಮಗುವಿನ ಹಾಗೆ ಅತ್ತುಬಿಟ್ಟ. "ಅಪ್ಪ ಸಾಯೋ ಮುಂದನೂ ಒಂದ ಮಾತು. ಪಂಪಿ ಬರಾಂಗಿಲ್ಲ ಅಂದ್ಳಲ್ಲೋ ಅಂತ."

ನನಗೆ ಆ ಸತ್ತ ಚನ್ನಯ್ಯಜ್ಜನನ್ನು ಎಬ್ಬಿಸಿ ಬೈಯಬೇಕೆನ್ನಿಸಿತು. ಕ್ಲಾರಾ ಅತ್ತೆಯ ಭುಜ ಹಿಡಿದು ನಿಂತಿದ್ದಳು. ಅತ್ತೆ ಬೈಯಲಿಲ್ಲ, ಅಳಲಿಲ್ಲ. ತಮ್ಮನ ರುಮಾಲು ವಾರೆಯಾಗಿದ್ದುದನ್ನು ಸರಿ ಮಾಡಿದರು. ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು. ಅವರ ಮುಖದಲ್ಲಿ ಅಂಥ ನಗುವನ್ನು ನಾನು ಈ ಮನೆಗೆ ಬಂದ ಮೇಲೆ ಒಂದು ದಿನವೂ ಕಂಡಿರಲಿಲ್ಲ.

"ಅನುಸೂಯಾ, ನನ್ನವು ಎರಡು ಸೀರಿ ಕಟ್ಟವ್ವ. ನಮ್ಮಪ್ಪ ಕರಿಯಾಕ ಬಂದಾನ."